ಶಶಿಪ್ರಭಾ ಟಾರ್ಚ್ ಆರಿಸಿದ್ದು

ಪುಂಜಾಲಕಟ್ಟೆಯ ಅಬ್ದುಲ್ ಶುಕೂರರ ಬಳಿ ಮೂರು ವ್ಯಾನುಗಳಿವೆ. ಶಾಲೆಯ ದಿನಗಳಲ್ಲಿ ಮಕ್ಕಳನ್ನು ಕರೆದೊಯ್ಯುತ್ತವೆ, ರಜೆ ಬಂದರೆ ಮದುವೆಗೋ ಪ್ರವಾಸಕ್ಕೋ ಬಾಡಿಗೆಗೆ ಹೋಗುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಓಡಿಸುವವಳು ವೇಣೂರಿನ ಶಶಿಪ್ರಭಾ. ವಯಸ್ಸು ನಲವತ್ತೈದು. ತಲೆ ಪೂರ್ತಿ ನರೆತಿದೆ, ಬಣ್ಣ ಹಚ್ಚುವುದಿಲ್ಲ. ಸೀರೆಯ ಮೇಲೆ ಗಂಡಸರ ಖಾಕಿ ಶರ್ಟು ಹಾಕಿಕೊಳ್ಳುತ್ತಾಳೆ. ಗಂಡ ಧರ್ಣಪ್ಪ ರಬ್ಬರ್ ತೋಟವೊಂದರಲ್ಲಿ ಹಾಲು ತೆಗೆಯುವ ಕೆಲಸಕ್ಕೆ ಹೋಗುತ್ತಾನೆ.

ಅವಳ ವಿಷಯದಲ್ಲಿ ನಾನು ಹೇಳುವುದರಲ್ಲಿ ಅರ್ಧ ನನ್ನ ಕಣ್ಣೆದುರು ನಡೆದದ್ದು. ಉಳಿದರ್ಧ ಅವಳೇ ಆಮೇಲೆ ಹೇಳಿದ್ದು. ಅದು ನಡೆದ ದಿನ ಬೆಳಿಗ್ಗೆ ನನಗೆ ಅವಳ ಹೆಸರೂ ಗೊತ್ತಿರಲಿಲ್ಲ.

ವ್ಯಾನಿನ ಚಕ್ರ ಹಿಡಿಯುವ ಮೊದಲು ಶಶಿಪ್ರಭಾ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದಳು. ಒಂಬತ್ತು ವರ್ಷ. ಗಾಜಿನ ಸಾಮಾನು ತೊಳೆಯುವುದು, ಸೀಸೆಗಳಿಗೆ ಚೀಟಿ ಅಂಟಿಸುವುದು, ಹುಡುಗರು ಚೆಲ್ಲಿದ ಆಸಿಡ್ ಒರೆಸುವುದು. ಅವಳು ಇದ್ದಷ್ಟು ಕಾಲ ಆ ಲ್ಯಾಬಿನಲ್ಲಿ ಒಂದು ಬ್ಯೂರೆಟ್ ಕೂಡ ಅವಳ ಕೈಯಿಂದ ಒಡೆಯಲಿಲ್ಲ. ಇದನ್ನು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ, ಬೇರೆಯವರು ಚಿನ್ನದ ಪದಕದ ಬಗ್ಗೆ ಹೇಳುವ ಹಾಗೆ.

ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು ದೇವಿಪ್ರಸಾದ್. ಚೆನ್ನಾಗಿ ಮಾತಾಡುವವರು. ಕಲ್ಲು, ನೀರು, ಗುಡ್ಡ ಎಂದರೆ ಆಸಕ್ತಿ ಇದ್ದವರು. ಪತ್ರಿಕೆಗಳಿಗೆ ಲೇಖನ ಬರೆಯುತ್ತಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಒಂದು ಸಲ, ಊರಿನ ಗುಹೆಗಳಲ್ಲಿ ಸೋರುವ ನೀರನ್ನೂ ಬಿಸಿನೀರಿನ ಬುಗ್ಗೆಯ ನೀರನ್ನೂ ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಮನಸ್ಸಾಯಿತು. ಗುಹೆ ಎಲ್ಲಿದೆ ಎಂದು ಹುಡುಕುವಾಗ ಶಶಿಪ್ರಭಾ ಹೇಳಿದಳು, "ನಮ್ಮ ತಾಯಿಮನೆಯ ಹಿಂದಿನ ಗುಡ್ಡದಲ್ಲಿ ಉಂಟು ಸರ್. ನಾನು ತೋರಿಸ್ತೇನೆ."

ಅದು ವಾಮದಪದವಿನಿಂದ ಪುಂಜಾಲಕಟ್ಟೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಕೆಂಪು ಮುರಕಲ್ಲಿನ ಗುಡ್ಡ. ನೆತ್ತಿಯ ಹತ್ತಿರ ಗುಹೆ. ಮೊದಲು ಒಂದು ತೆರೆದ ಪಡಸಾಲೆಯಂತಹ ಜಾಗ. ಅದರ ಮೂಲೆಯಲ್ಲಿ, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಬೇಕಾದ ಒಂದು ಕಿಂಡಿ. ಮೂರು ಆಳಿನಷ್ಟು ಉದ್ದ, ನಡುವೆ ಒಂದು ತಿರುವು. ಅದನ್ನು ದಾಟಿದರೆ ಒಳಗೆ ಇಪ್ಪತ್ತು ಜನ ನಿಲ್ಲಬಹುದಾದ ಕೋಣೆ, ಮೇಲೆಲ್ಲ ಬಾವಲಿಗಳು. ಶಶಿಪ್ರಭಾಳ ಅಪ್ಪ ಮಲ್ಲಿಗೆ ಗಿಡಗಳಿಗೆ ಹಾಕಲು ಅಲ್ಲಿಂದ ಬಾವಲಿ ಹಿಕ್ಕೆ ತರುತ್ತಿದ್ದ. ಏಳನೆಯ ವಯಸ್ಸಿನಿಂದ ಅವಳು ಅಪ್ಪನ ಜೊತೆ ಒಳಹೊಕ್ಕು ದೀಪ ಹಿಡಿದವಳು. ಆ ಕತ್ತಲೆ ಅವಳಿಗೆ ಅಡುಗೆಮನೆಯಷ್ಟೇ ಪರಿಚಿತ.

ಆ ದಿನ ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಹೇಗಿದೆ ಎಂದು ನೋಡಿ ಬರಲು ದೇವಿಪ್ರಸಾದರೂ ಶಶಿಪ್ರಭಾಳೂ ಮಾತ್ರ ಹೋದರು. ಮೇಷ್ಟ್ರ ಕೈಯಲ್ಲಿ ನೀರನ್ನು ಅಳೆಯುವ ಮೀಟರ್ ಇತ್ತು. ಅದು ಕಾಲೇಜಿನದ್ದಲ್ಲ, ಬೇರೆ ಕಡೆಯಿಂದ ಕೇಳಿ ತಂದದ್ದು. ಒಳಕೋಣೆಯಲ್ಲಿ ಟಾರ್ಚ್ ಮೇಲಕ್ಕೆತ್ತಿದ ಕೂಡಲೇ ಬಾವಲಿಗಳು ಎದ್ದವು. ದೇವಿಪ್ರಸಾದ್ ಕಿರುಚಿದರು. ಮೀಟರನ್ನು ಬಿಸಾಡಿ, ಶಶಿಪ್ರಭಾಳನ್ನು ಗೋಡೆಗೆ ನೂಕಿ, ನಾಲ್ಕು ಕಾಲಲ್ಲಿ ಕಿಂಡಿಯೊಳಗೆ ನುಗ್ಗಿ ಹೊರಗೆ ಓಡಿದರು.

ಒಡೆದ ಮೀಟರಿನ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಹೊರಗೆ ಬರುವಷ್ಟರಲ್ಲಿ, ಮೈಯೆಲ್ಲ ಕೆಸರಾಗಿದ್ದ ಮೇಷ್ಟ್ರು ಹುಡುಗರಿಗೆ ಕತೆ ಹೇಳಿ ಮುಗಿಸಿದ್ದರು. ಅಟೆಂಡರ್ ಬಾವಲಿ ಕಂಡು ಹೆದರಿ ಓಡಿದಳು, ತನ್ನನ್ನು ನೂಕಿದಳು, ಮೀಟರ್ ಕೈಜಾರಿತು. ಹುಡುಗರು ನಗುತ್ತಿದ್ದರು. ಓಡಿದವಳು ಮೇಷ್ಟ್ರಿಗಿಂತ ಐದು ನಿಮಿಷ ತಡವಾಗಿ ಹೊರಗೆ ಬಂದದ್ದು ಹೇಗೆ ಎಂದು ಅವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

"ಆಗಲೇ ಹೇಳಬೇಕಿತ್ತು ನೀನು," ಎಂದು ನಾನು ಆಮೇಲೆ ಒಂದು ಸಲ ಅವಳಿಗೆ ಹೇಳಿದೆ.

"ಮೇಷ್ಟ್ರು ಸುಳ್ಳು ಹೇಳ್ತಾರೆ ಅಂತ ಅಟೆಂಡರ್ ಹೇಳುವುದಾ ಟೀಚರ್? ನೀವಾಗಿದ್ದರೆ ನಂಬುತ್ತಿದ್ದಿರಾ?" ಎಂದಳು.

ಮರುದಿನ ಸ್ಟಾಫ್ ರೂಮಿನಲ್ಲಿ ದೇವಿಪ್ರಸಾದ್ ಅವಳನ್ನು ಕೂರಿಸಿಕೊಂಡು ಒಂದು ಪತ್ರ ಬರೆಸಿದರು. ಅವರು ಹೇಳಿದ್ದನ್ನು ಅವಳು ಬರೆದಳು. 'ನಾನು ಕತ್ತಲೆಗೆ ಹೆದರಿ ಓಡಿದ ಕಾರಣ ಸದ್ರಿ ಉಪಕರಣ ಒಡೆದಿರುತ್ತದೆ.' ಬರೆದುಕೊಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಕೆಲಸಕ್ಕೆ ಏನೂ ತೊಂದರೆ ಇಲ್ಲ, ನಾನಿದ್ದೇನೆ ಎಂದರು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಪತ್ರವನ್ನು ಮುಂದಿಟ್ಟು ಕಾಲೇಜಿನವರು ಅವಳನ್ನು ಕೆಲಸದಿಂದ ತೆಗೆದರು. ದೇವಿಪ್ರಸಾದ್ ಆ ದಿನ ರಜೆಯಲ್ಲಿದ್ದರು.

ಮುಂದಿನ ಒಂದು ವರ್ಷ ಅವಳು ಮನೆಯಲ್ಲಿ ಕೂತು ಬೀಡಿ ಕಟ್ಟಿದಳು. ಬೀಡಿ ಎಲೆ ಕತ್ತರಿಸುವಾಗಲೆಲ್ಲ ಮೇಷ್ಟ್ರ ಮುಖ ನೆನಪಾಗುತ್ತಿತ್ತಂತೆ. "ಎಷ್ಟು ಎಲೆ ಕತ್ತರಿಸಿದ್ದೇನೋ ಅಷ್ಟು ಸಲ ನೆನಪು ಮಾಡಿದ್ದೇನೆ," ಎಂದಳು. ಧರ್ಣಪ್ಪ, "ಬಿಡು ಮಾರಾಯ್ತಿ, ಅವರು ದೊಡ್ಡವರು, ನಾವೇನು ಮಾಡ್ಲಿಕ್ಕೆ ಆಗ್ತದೆ," ಎನ್ನುತ್ತಿದ್ದ. ಅವಳು ಬಿಡಲಿಲ್ಲ. ಕೆಲಸ ಹೋದದ್ದಕ್ಕಿಂತ ಅವಳನ್ನು ಸುಟ್ಟದ್ದು ಆ ಒಂದು ವಾಕ್ಯ. ಕತ್ತಲೆಗೆ ಹೆದರಿ ಓಡಿದ ಕಾರಣ. ಅದು ಅವಳದೇ ಕೈಬರಹದಲ್ಲಿ ಯಾವುದೋ ಕಪಾಟಿನಲ್ಲಿ ಇತ್ತು.

ಶುಕೂರರ ವ್ಯಾನಿನ ಡ್ರೈವರ್ ಕೆಲಸ ಬಿಟ್ಟು ದುಬೈಗೆ ಹೋದಾಗ, ಅವರ ಹೆಂಡತಿ ಆಯಿಶಮ್ಮ, ಹೆಣ್ಣುಮಕ್ಕಳು ಹೋಗುವ ಗಾಡಿಗೆ ಹೆಂಗಸೇ ಇರಲಿ ಎಂದು ಹಟ ಹಿಡಿದರು. ಶಶಿಪ್ರಭಾ ಆಗ ಸೈಕಲ್ ಕೂಡ ಓಡಿಸಿದವಳಲ್ಲ. ಶುಕೂರರೇ ಪುಂಜಾಲಕಟ್ಟೆಯ ಮೈದಾನದಲ್ಲಿ ಎರಡು ತಿಂಗಳು ಕಲಿಸಿದರು. ಹೀಗೆ ಅವಳು ಡ್ರೈವರ್ ಆದಳು.

ಇನ್ನು ನನ್ನ ಕಣ್ಣೆದುರು ನಡೆದ ಆ ರಜೆಯ ದಿನದ ವಿಷಯ.

ಮೂಡುಬಿದಿರೆಯಲ್ಲಿ ನಮ್ಮದೊಂದು ಚಾರಣ ಬಳಗ ಇದೆ. ಹೆಚ್ಚಿನವರು ನಿವೃತ್ತರು. ನಾನು ವಾಮದಪದವಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ವಸುಧಾ. ನಮ್ಮ ಬಳಗಕ್ಕೆ ದೇವಿಪ್ರಸಾದರೇ ಮುಂದಾಳು. ಕಲ್ಲು ಕಂಡರೆ ಅದರ ವಯಸ್ಸು ಹೇಳುವರು, ಹೊಳೆ ಕಂಡರೆ ಅದರ ಹುಟ್ಟು ಹೇಳುವರು. ಆ ಜುಲೈಯಲ್ಲಿ ಮೊಹರಂ ರಜೆಯ ದಿನ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗುವುದೆಂದು ಅವರೇ ತೀರ್ಮಾನ ಮಾಡಿದ್ದರು. ಮಳೆಯಲ್ಲಿ ನೆನೆಯುತ್ತ ಬಿಸಿನೀರಿನ ಬುಗ್ಗೆಗೆ ಕಾಲು ಇಳಿಬಿಡುವುದು ಎಂದರೆ ಏನು ಸುಖ ಗೊತ್ತಾ ಎಂದು ವಾರದಿಂದ ಹೇಳುತ್ತಿದ್ದರು. ಅವರ ಮಗಳು ಅಶ್ವಿತಾ ಉಡುಪಿಯಿಂದ ರಜೆಗೆ ಬಂದಿದ್ದಳು, ಅವಳೂ ಹೊರಟಳು. ಒಟ್ಟು ಹನ್ನೊಂದು ಜನ.

ಬೆಳಿಗ್ಗೆ ಏಳಕ್ಕೆ ವ್ಯಾನ್ ಬಂತು. ಚಕ್ರದ ಹಿಂದೆ ಹೆಂಗಸನ್ನು ಕಂಡು ನಮ್ಮವರಿಗೆಲ್ಲ ಖುಷಿ. ದೇವಿಪ್ರಸಾದ್ ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, "ನಿಧಾನ ಹೋಗುವ ಅಮ್ಮ, ಅವಸರ ಇಲ್ಲ," ಎಂದರು. ಅವಳು ರೈನ್‌ಕೋಟಿನ ಟೊಪ್ಪಿಯ ಒಳಗಿನಿಂದ ತಲೆ ಆಡಿಸಿದಳು. ಅವಳಿಗೆ ಅವರ ಗುರುತು ಬಾಗಿಲಲ್ಲೇ ಸಿಕ್ಕಿತ್ತು. ಅವರಿಗೆ ಅವಳದು ಸಿಗಲಿಲ್ಲ.

"ಆಗ ಏನು ಅನಿಸಿತು?" ಎಂದು ನಾನು ಕೇಳಿದ್ದೆ.

"ಏನೂ ಇಲ್ಲ. ಮುದುಕ ಆಗಿದ್ದಾರೆ ಅನಿಸಿತು. ಕರೆದುಕೊಂಡು ಹೋಗಿ ಬಿಡುವ, ನನಗ್ಯಾಕೆ ಅಂತಲೇ ಇದ್ದೆ. ಅವರು ಬಾಯಿ ತೆರೆಯದೆ ಇದ್ದಿದ್ದರೆ ಹಾಗೆಯೇ ಮುಗೀತಿತ್ತು."

ಸಿದ್ಧಕಟ್ಟೆ ದಾಟುವಾಗ ಮಳೆ ಜೋರಾಯಿತು. ಕಿಟಕಿಗಳನ್ನೆಲ್ಲ ಮುಚ್ಚಿ ಕೂತೆವು. ಯಾರೋ, "ಸರ್, ಒಂದು ಕತೆ ಹೇಳಿ," ಎಂದರು. ದೇವಿಪ್ರಸಾದ್ ಹಿಂದೆ ತಿರುಗಿ ಕೂತು, ನಾವೆಲ್ಲ ಎಷ್ಟೋ ಸಲ ಕೇಳಿದ್ದ ಕತೆಯನ್ನೇ ಎತ್ತಿಕೊಂಡರು.

"ನಮ್ಮ ಲ್ಯಾಬಿನಲ್ಲಿ ಒಬ್ಬಳು ಅಟೆಂಡರ್ ಇದ್ದಳು. ಧೈರ್ಯ ಅಂದರೆ ಧೈರ್ಯ, ಬಾಯಲ್ಲಿ ಮಾತ್ರ. ಗುಹೆಯಾ, ಬನ್ನಿ ಸರ್ ನಾನು ತೋರಿಸ್ತೇನೆ ಅಂತ ಕರೆದುಕೊಂಡು ಹೋದಳು. ಒಂದು ಬಾವಲಿ, ಒಂದೇ ಒಂದು ಬಾವಲಿ ಹಾರಿತು ನೋಡಿ. ಅಯ್ಯಯ್ಯೋ ಅಂತ ಸೀರೆ ಎತ್ತಿ ಓಡಿದ್ದು! ನನ್ನನ್ನೂ ಮೆಟ್ಟಿಕೊಂಡು ಓಡಿದಳು ಮಾರಾಯ್ರೆ!"

ಅವಳು ಓಡಿದ ರೀತಿಯನ್ನು ಅವರು ಕೈಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಆ ಅಭಿನಯ ಪ್ರತಿಸಲವೂ ಸ್ವಲ್ಪ ಬೆಳೆಯುತ್ತಿತ್ತು. ಎಲ್ಲರೂ ನಕ್ಕೆವು. ಅಶ್ವಿತಾ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ವ್ಯಾನ್ ಒಂದೇ ಹದದಲ್ಲಿ ಹೋಗುತ್ತಿತ್ತು.

"ಅಪ್ಪ, ಆ ಗುಹೆ ಇಲ್ಲೇ ಎಲ್ಲೋ ಅಲ್ಲವಾ? ಇಷ್ಟು ಸಲ ಕೇಳಿದ್ದೇನೆ, ಒಂದು ಸಲವೂ ನೋಡಿಲ್ಲ. ನೋಡಿಯೇ ಹೋಗುವ," ಎಂದಳು ಅಶ್ವಿತಾ.

"ಈ ಮಳೆಯಲ್ಲಾ? ಬೇಡ ಬೇಡ. ಒಳಗೆ ನೀರು ತುಂಬಿರ್ತದೆ. ದಾರಿಯೂ ಈಗ ನೆನಪಿಲ್ಲ."

ಆಗ ಅದುವರೆಗೆ ಒಂದು ಮಾತೂ ಆಡದ ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಹೇಳಿದಳು, "ದಾರಿ ನನಗೆ ಗೊತ್ತುಂಟು. ಗುಡ್ಡದ ನೆತ್ತಿಯ ಗುಹೆ ಅದು, ನೀರು ಒಳಗೆ ನಿಲ್ಲುವುದಿಲ್ಲ. ಮಳೆಗಾಲದಲ್ಲೂ ನಾವು ಹೋಗ್ತೇವೆ. ಗಾಡಿಯಲ್ಲಿ ನಾಲ್ಕು ಟಾರ್ಚ್ ಉಂಟು."

ವ್ಯಾನಿನಲ್ಲಿ ಗದ್ದಲವೆದ್ದಿತು. ಹೋಗುವ, ಹೋಗುವ ಎಂದು ಎಲ್ಲರೂ. ದೇವಿಪ್ರಸಾದ್ ಇನ್ನೆರಡು ಸಲ ಬೇಡ ಎಂದರು. ಮೂರನೆಯ ಸಲ ಹೇಳಲು ಅವರಿಗೆ ನಾಚಿಕೆಯಾಗಿರಬೇಕು.

ವ್ಯಾನನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ ಅರ್ಧ ಗಂಟೆ ಹತ್ತಿದೆವು. ಮುರಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತಿತ್ತು. ಅವಳು ಬರಿಗಾಲಲ್ಲಿ ಮುಂದೆ ನಡೆದು, ಎಲ್ಲಿ ಕಾಲಿಡಬೇಕೆಂದು ಒಬ್ಬೊಬ್ಬರಿಗೂ ತೋರಿಸಿದಳು. ನನ್ನ ಕೈಹಿಡಿದು ಎಳೆದುಕೊಂಡಳು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ.

ಪಡಸಾಲೆಗೆ ಬಂದು ಎಲ್ಲರೂ ತಲೆ ಒರೆಸಿಕೊಳ್ಳುವಾಗ ಅವಳು ಮೊದಲು ಒಬ್ಬಳೇ ಒಳಗೆ ತೆವಳಿ ಹೋಗಿ ನೋಡಿ ಬಂದಳು. "ಒಳಗೆ ಒಣಗಿಯೇ ಉಂಟು. ಸರ್ ಮುಂದೆ ಹೋಗಲಿ, ಅವರಿಗೆ ಗೊತ್ತಲ್ಲ. ನಾನು ಕೊನೆಯಲ್ಲಿ ಬರ್ತೇನೆ," ಎಂದಳು.

ದೇವಿಪ್ರಸಾದ್ ಮಗಳ ಮುಖ ನೋಡಿದರು, ನಮ್ಮ ಮುಖ ನೋಡಿದರು, ಹೋದರು. ಅವರ ಹಿಂದೆ ಅಶ್ವಿತಾ, ಮತ್ತೆ ಉಳಿದವರು. ಕಿಂಡಿ ನಾನಂದುಕೊಂಡದ್ದಕ್ಕಿಂತ ಇಕ್ಕಟ್ಟಾಗಿತ್ತು. ಆದರೆ ಒಳಕೋಣೆಯಲ್ಲಿ ನೆಟ್ಟಗೆ ನಿಂತಾಗ ಮೈ ಜುಂ ಎಂದಿತು. ಹೊರಗೆ ಅಷ್ಟು ಜೋರಾಗಿ ಹುಯ್ಯುತ್ತಿದ್ದ ಮಳೆಯ ಸದ್ದೇ ಅಲ್ಲಿರಲಿಲ್ಲ. ಬೆಚ್ಚಗಿತ್ತು. ಖಾರ ವಾಸನೆ. ಮೇಲೆ ನೂರಾರು ಬಾವಲಿಗಳು ಸಣ್ಣ ಸಣ್ಣ ಕಪ್ಪು ಚೀಲಗಳ ಹಾಗೆ ತೂಗುತ್ತಿದ್ದವು.

ಯಾರ ಟಾರ್ಚೋ ಮೇಲಕ್ಕೆ ತಿರುಗಿತು. ಅವು ಎದ್ದವು. ನಮಗೆಲ್ಲ ಸ್ವಲ್ಪ ಹೆದರಿಕೆ, ಸ್ವಲ್ಪ ನಗು. ಅಷ್ಟರಲ್ಲಿ ದೇವಿಪ್ರಸಾದ್ ಒಂದು ಸದ್ದು ಮಾಡಿದರು. ಮನುಷ್ಯರ ಗಂಟಲಿನಿಂದ ಅಂಥ ಸದ್ದು ನಾನು ಕೇಳಿರಲಿಲ್ಲ. ಅವರು ನಮ್ಮ ನಡುವೆ ನುಗ್ಗಿ, ಒಬ್ಬರನ್ನು ಬೀಳಿಸಿ, ಕಿಂಡಿಯೊಳಗೆ ಹೊಕ್ಕರು. ಕೊನೆಯಲ್ಲಿ ಬಂದ ಡ್ರೈವರ್ ಕಿಂಡಿಯ ಬಾಯಲ್ಲೇ ಇದ್ದವಳು. ಅವರು ಬರುವುದನ್ನು ಕಂಡು ಅವಳು ಮೊದಲೇ ಹಿಂದಕ್ಕೆ ಜಾರಿ ಹೊರಗೆ ಹೋಗಿದ್ದಳು.

ಅವರು ಆಚೆ ತಲುಪಲಿಲ್ಲ. ತಿರುವಿನ ಹತ್ತಿರ ಅವರ ಕೈಕಾಲು ಮರಗಟ್ಟಿತು. ಮುಂದೆಯೂ ಹೋಗಲಾರರು, ಹಿಂದೆಯೂ ಬರಲಾರರು. ನಾವು ಹತ್ತು ಜನ ಅವರ ಹಿಂದೆ ಒಳಕೋಣೆಯಲ್ಲಿ ಸಿಕ್ಕಿಬಿದ್ದೆವು. ನಮ್ಮ ಕೈಯಲ್ಲಿ ಟಾರ್ಚ್ ಇತ್ತು, ಆದರೆ ಅವರ ಮೈಯೇ ಕಿಂಡಿಯನ್ನು ಮುಚ್ಚಿತ್ತು. ನಮ್ಮ ಬೆಳಕು ಅವರ ಚಪ್ಪಲಿಯವರೆಗೆ ಮಾತ್ರ ಹೋಗುತ್ತಿತ್ತು. ಅವರ ಮುಖದ ಎದುರು ಇದ್ದದ್ದು ಒಂದೇ ಟಾರ್ಚ್, ಅವಳದು.

"ಎಳೆಯಿರಿ… ಯಾರಾದರೂ ಎಳೆಯಿರಿ ನನ್ನನ್ನು," ಎಂದು ಅವರು ಏದುಸಿರು ಬಿಡುತ್ತಿದ್ದರು.

"ಎಳೀತೇನೆ ಸರ್," ಎಂದಿತು ಆಚೆಯಿಂದ ಅವಳ ಧ್ವನಿ. ಸಮಾಧಾನದ ಧ್ವನಿ. "ಮೊದಲು ಇಲ್ಲಿ ನೋಡಿ. ನನ್ನ ಗುರುತು ಸಿಕ್ಕಿತಾ?"

ಅವಳು ಟೊಪ್ಪಿ ತೆಗೆದು ಟಾರ್ಚನ್ನು ತನ್ನ ಮುಖಕ್ಕೆ ಹಿಡಿದುಕೊಂಡಿದ್ದಳಂತೆ.

"ನಾನು ಶಶಿಪ್ರಭಾ. ಲ್ಯಾಬಿನ ಶಶಿ. ದಾರಿಯುದ್ದಕ್ಕೂ ನನ್ನದೇ ಕತೆ ಹೇಳಿದಿರಲ್ಲ ಸರ್."

ಅಷ್ಟು ಹೇಳಿ ಅವಳೇ ಕೇಳಿದಳು,

"ಆ ದಿನ ಓಡಿದ್ದು ಯಾರು?"

"ಈಗ ಅದೆಲ್ಲ ಯಾಕಮ್ಮ… ಮೊದಲು ಹೊರಗೆ…"

ಅವಳು ಟಾರ್ಚ್ ಆರಿಸಿದಳು.

ಅವರು ಕೂಗಿದ ಕೂಗಿಗೆ ಬಾವಲಿಗಳು ಮತ್ತೊಮ್ಮೆ ಎದ್ದವು. ಕಾಲುಗಳು ಪಟಪಟನೆ ಬಡಿಯುತ್ತಿದ್ದವು. ಅಶ್ವಿತಾ ನೆಲಕ್ಕೆ ಬಗ್ಗಿ ಅಪ್ಪನ ಪಾದ ಹಿಡಿದುಕೊಂಡು, "ಅಕ್ಕಾ, ಟಾರ್ಚ್ ಹಾಕಿ! ಅವರಿಗೆ ಬಿ.ಪಿ. ಉಂಟು!" ಎಂದು ಅತ್ತಳು. ನಾನೂ ಕೂಗಿದೆ. ನಮ್ಮಲ್ಲೊಬ್ಬರು ಬೈದರು.

ಆಚೆಯಿಂದ ಮತ್ತೆ ಅದೇ ಧ್ವನಿ, "ಓಡಿದ್ದು ಯಾರು ಸರ್?"

"ನಾನು."

"ಹಿಂದೆ ಇದ್ದವರಿಗೆ ಕೇಳಲಿಲ್ಲ."

"ನಾನೇ! ನಾನೇ ಓಡಿದ್ದು! ಮೀಟರ್ ಬಿಸಾಡಿದ್ದು ನಾನು!"

"ಪತ್ರ ಹೇಳಿ ಬರೆಸಿದ್ದು?"

"ನಾನು."

"ಬರೆದುಕೊಟ್ಟರೆ ಕೆಲಸ ಹೋಗುವುದಿಲ್ಲ ಅಂದದ್ದು?"

"ನಾನು… ನಾನೇ ಮಾರಾಯ್ತಿ, ಬೆಳಕು ಹಾಕು, ನಿನ್ನ ಕಾಲಿಗೆ ಬೀಳ್ತೇನೆ…"

ಬೆಳಕು ಆಗಲೂ ಬರಲಿಲ್ಲ. ಎಷ್ಟು ಹೊತ್ತು ಎಂದು ನಮಗೆ ತಿಳಿಯಲಿಲ್ಲ. ಅರ್ಧ ನಿಮಿಷ ಇರಬಹುದು, ಒಂದು ನಿಮಿಷ ಇರಬಹುದು. ಕೇಳಬೇಕಾದ್ದನ್ನೆಲ್ಲ ಅವಳು ಕೇಳಿ ಆಗಿತ್ತು. ಆ ಒಂದು ನಿಮಿಷ ಮಾತ್ರ ಅವಳು ತನಗಾಗಿಯೇ ಇಟ್ಟುಕೊಂಡದ್ದು.

ಆಮೇಲೆ ಟಾರ್ಚ್ ಹೊತ್ತಿತು. ಅವಳ ಧ್ವನಿಯೇ ಬದಲಾಯಿತು, ಹೆದರಿದ ದನವನ್ನು ಕೊಟ್ಟಿಗೆಗೆ ತರುವವರ ಧ್ವನಿಯ ಹಾಗೆ. "ಕಣ್ಣು ಮುಚ್ಚಿ ಸರ್. ಉಸಿರು ನಿಧಾನ ಬಿಡಿ. ಬಲಗೈ ಮುಂದೆ ಇಡಿ. ಅಲ್ಲಿಯೇ, ಕಲ್ಲು ಸಿಕ್ಕಿತಾ? ಈಗ ಮೊಣಕಾಲು. ಹೌದು. ಇನ್ನೊಂದು." ಹೀಗೆ ಗೇಣು ಗೇಣಾಗಿ ಅವರನ್ನು ಹೊರಗೆ ತಂದಳು. ಹಿಂದೆ ನಾವು ಒಬ್ಬೊಬ್ಬರಾಗಿ ಬಂದೆವು. ದೇವಿಪ್ರಸಾದ್ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು. ಪ್ಯಾಂಟು ಒದ್ದೆಯಾಗಿತ್ತು. ಮಳೆಯಲ್ಲಿ ಹತ್ತಿ ಬಂದವರೆಲ್ಲರದ್ದೂ ಒದ್ದೆಯಾಗಿತ್ತು ಎಂದು ನಾವು ಯಾರೂ ಅದನ್ನು ನೋಡದ ಹಾಗೆ ಇದ್ದೆವು.

ಶಶಿಪ್ರಭಾ ಅವರಿಗೆ ನೀರಿನ ಬಾಟಲಿ ಕೊಟ್ಟಳು. ಅವರು ಕುಡಿದರು. ಅವಳು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಮುಖವನ್ನೇ ನೋಡುತ್ತಿದ್ದಳು, ಊಟ ಬಡಿಸಿದವರು ಉಣ್ಣುವವರನ್ನು ನೋಡುವ ಹಾಗೆ.

ಅಲ್ಲಿಂದ ವಾಪಸು ಮೂಡುಬಿದಿರೆಗೆ ಹೋಗುವುದೆಂದೇ ನಾವು ಅಂದುಕೊಂಡೆವು. "ಇಲ್ಲ. ತೀರ್ಥಕ್ಕೆ ಹೋಗುವ," ಎಂದವಳು ಅಶ್ವಿತಾ. ಅಪ್ಪನ ಕಡೆ ನೋಡದೆಯೇ ಹೇಳಿದಳು.

ಬಿ.ಸಿ. ರೋಡು, ಮಾಣಿ, ಪುತ್ತೂರು ದಾಟಿ ಇರ್ದೆಗೆ ಹೋಗುವವರೆಗೆ ವ್ಯಾನಿನಲ್ಲಿ ವೈಪರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೇವಿಪ್ರಸಾದ್ ಹಿಂದಿನ ಸೀಟಿಗೆ ಹೋಗಿ ಕೂತಿದ್ದರು. ತೀರ್ಥದ ಹತ್ತಿರ ಅವರು ಇಳಿಯಲಿಲ್ಲ. ನಾವು ಕೊಡೆ ಹಿಡಿದು ಮೆಟ್ಟಿಲು ಇಳಿದೆವು. ಪಕ್ಕದ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಕೊಳದ ನೀರಿಗೆ ಕಾಲಿಟ್ಟರೆ ಮೀಯಲು ಕಾಯಿಸಿದ ನೀರಿನಷ್ಟು ಹಿತ. ಮೇಲಿನಿಂದ ತಣ್ಣನೆಯ ಮಳೆ, ಮೊಣಕಾಲಿನವರೆಗೆ ಬಿಸಿ. ಎಲ್ಲ ಸರಿಯಾಗಿದ್ದ ದಿನವಾಗಿದ್ದರೆ ಮಕ್ಕಳ ಹಾಗೆ ಆಡುತ್ತಿದ್ದೆವೋ ಏನೋ.

ಶಶಿಪ್ರಭಾ ಆಚೆ ಮೂಲೆಯಲ್ಲಿ ಒಬ್ಬಳೇ ಕೂತು, ಸೀರೆ ಎತ್ತಿ ಕಟ್ಟಿ, ಕಾಲನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ನಾನು ಹತ್ತಿರ ಹೋದೆ. ನನಗೆ ಸಿಟ್ಟಿತ್ತು.

"ನೀನು ಮಾಡಿದ್ದು ಸರಿಯಲ್ಲ. ಅರುವತ್ತಾರು ವರ್ಷದ ಮನುಷ್ಯ. ಅಲ್ಲಿಯೇ ಏನಾದರೂ ಆಗಿದ್ದರೆ?"

"ಆಗಿದ್ದರೆ ಆಗ್ತಿತ್ತು," ಎಂದಳು.

"ಬಿ.ಪಿ. ಉಂಟು ಅಂತ ಮಗಳು ಕೂಗಿದ್ದು ಕೇಳಿಸಲಿಲ್ಲವಾ ನಿನಗೆ?"

"ಕೇಳಿಸಿತು. ಕೇಳಿಸಿದ ಮೇಲೂ ಆರಿಸಿಯೇ ಇಟ್ಟೆ." ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಅವರು ಕತೆ ಹೇಳುವಾಗ ನೀವೂ ನಕ್ಕಿದ್ದೀರಿ ಟೀಚರ್. ಕನ್ನಡಿಯಲ್ಲಿ ಕಾಣ್ತಿತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದ್ದೇನೆ. ಕಿಂಡಿಯಲ್ಲಿ ಅವರು ಸಿಕ್ಕಿದಾಗ, ನೀವೆಲ್ಲ ಹಿಂದೆ ಇದ್ದದ್ದು ಒಳ್ಳೆಯದೇ ಆಯಿತು ಅಂತ ಅನಿಸಿತು ನನಗೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಪಕ್ಕದ ಮೆಟ್ಟಿಲಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅಶ್ವಿತಾ ಬಂದಳು. ಕೊಡೆ ಇರಲಿಲ್ಲ. "ಅಕ್ಕ, ಪೂರ್ತಿ ಹೇಳಿ," ಎಂದಳು. ಶಶಿಪ್ರಭಾ ಹೇಳಿದಳು. ಪತ್ರದ ವಾಕ್ಯವನ್ನು ಅಕ್ಷರ ಬಿಡದೆ ಹೇಳಿದಳು. ಬೀಡಿ ಕಟ್ಟಿದ ವರ್ಷವನ್ನು ಹೇಳಿದಳು. ಅಶ್ವಿತಾ ಕೇಳಿ ಮುಗಿಸಿ, "ಈ ಕತೆ ನನ್ನ ಮದುವೆಯ ದಿನವೂ ಹೇಳಿದ್ದಾರೆ ಅಪ್ಪ. ನಾನು ನನ್ನ ಮಗಳಿಗೆ ಹೇಳಿದ್ದೇನೆ. ಅವಳು ಶಾಲೆಯಲ್ಲಿ ಹೇಳಿ ಬಹುಮಾನ ತಂದಿದ್ದಾಳೆ," ಎಂದಳು.

ಇನ್ನಾದರೂ ಒಂದು ಸಮಾಧಾನದ ಮಾತು ಹೇಳಿಯಾಳು ಎಂದು ನಾನು ಶಶಿಪ್ರಭಾಳ ಮುಖ ನೋಡಿದೆ. ಅವಳು ಹೇಳಿದ್ದು ಇಷ್ಟೆ, "ಹಾಗಾದರೆ ಮಗಳಿಗೆ ಸರಿ ಮಾಡಿ ಹೇಳಬೇಕು ನೀವು. ನನ್ನ ಹೆಸರನ್ನೂ ಹೇಳಿ. ಅಪ್ಪನ ಹೆಸರನ್ನೂ ಹೇಳಿ."

ಅಶ್ವಿತಾ ಅಳುತ್ತ ಮೆಟ್ಟಿಲು ಹತ್ತಿ ಹೋದಳು. ಆ ಹುಡುಗಿಯ ಅಳುವನ್ನು ಕಂಡು ತನಗೆ ಸುಖವಾಯಿತೆಂದು ಶಶಿಪ್ರಭಾ ತಿಂಗಳುಗಳ ನಂತರ ನನ್ನ ಹತ್ತಿರ ಒಪ್ಪಿಕೊಂಡಳು. ಅದೊಂದು ಮಾತ್ರ ಬೇಡವಾಗಿತ್ತು ಎಂದಳು. ಉಳಿದದ್ದರಲ್ಲಿ ಒಂದು ಅಕ್ಷರವೂ ಬೇಡವಾಗಿತ್ತು ಎಂದು ಅವಳಿಗೆ ಅನಿಸಿಲ್ಲ.

ಸಂಜೆ ಐದರ ಹೊತ್ತಿಗೆ ಮೂಡುಬಿದಿರೆಗೆ ಬಂದೆವು. ಎಲ್ಲರೂ ಅಲ್ಲಲ್ಲಿ ಇಳಿದರು. ಕೊನೆಗೆ ಉಳಿದವರು ಅಪ್ಪ, ಮಗಳು, ನಾನು. ಮನೆಯ ಗೇಟಿನ ಮುಂದೆ ಅಶ್ವಿತಾ ಇಳಿದು ನೇರ ಒಳಗೆ ಹೋದಳು. ದೇವಿಪ್ರಸಾದ್ ಡ್ರೈವರಿನ ಕಿಟಕಿಯ ಹತ್ತಿರ ಬಂದು ಮಳೆಯಲ್ಲಿಯೇ ನಿಂತರು.

"ನಿನ್ನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಹೇಳಲಿಲ್ಲ ಶಶಿ. ದೇವರಾಣೆ ಹೇಳಲಿಲ್ಲ."

"ತೆಗೆಯಬೇಡಿ ಅಂತ ಹೇಳಿದಿರಾ?"

ಅವರು ಗೇಟಿನ ಕಡೆ ತಿರುಗಿ ನೋಡಿದರು.

"ಒಳಗೆ ಹೋಗಿ ಸರ್, ಶೀತ ಆಗ್ತದೆ," ಎಂದು ಅವಳು ಗಾಜು ಏರಿಸಿದಳು.

ಅವರು ಶುಕೂರರಿಗೆ ದೂರು ಕೊಡಬಹುದು, ಪೊಲೀಸರ ಹತ್ತಿರವೂ ಹೋಗಬಹುದು ಎಂದು ನನಗೆ ಹೆದರಿಕೆ ಇತ್ತು. ಕೊಡಲಿಲ್ಲ. ದೂರು ಕೊಟ್ಟರೆ ಏನಾಯಿತೆಂದು ಹೇಳಬೇಕಲ್ಲ. ಆದರೆ ನಮ್ಮ ಬಳಗದ ಇನ್ನೊಬ್ಬರು ಶುಕೂರರಿಗೆ ಫೋನ್ ಮಾಡಿದರು. ಶುಕೂರರು ಅವಳನ್ನು ಕರೆದು ಎಲ್ಲ ಕೇಳಿ, "ಪ್ಯಾಸೆಂಜರನ್ನು ಕತ್ತಲೆಯಲ್ಲಿ ಬಿಡುವುದಾ ಶಶಿ? ಇದು ನಾನು ಕಲಿಸಿದ್ದಲ್ಲ," ಎಂದರಂತೆ. ಮೂರು ತಿಂಗಳು ಅವಳನ್ನು ಪ್ರವಾಸಕ್ಕೆ ಕಳಿಸಲಿಲ್ಲ, ಶಾಲೆಯ ಮಕ್ಕಳ ಗಾಡಿ ಮಾತ್ರ. ಅವಳು ಎದುರಾಡಲಿಲ್ಲ. ಅದು ನ್ಯಾಯ ಎಂದೇ ಒಪ್ಪಿಕೊಂಡಳು.

ದೇವಿಪ್ರಸಾದ್ ಮತ್ತೆ ನಮ್ಮ ಬಳಗಕ್ಕೆ ಬರಲಿಲ್ಲ. ಪೇಟೆಯಲ್ಲಿ ಒಮ್ಮೆ ಸಿಕ್ಕಿದಾಗ ಕಣ್ಣು ತಪ್ಪಿಸಿದರು, ನಾನೂ ತಪ್ಪಿಸಿದೆ. ಅಶ್ವಿತಾ ಆ ಕಾಲೇಜಿಗೆ ಹೋಗಿ ಕೇಳಿದಳು. ಹಳೆಯ ಕಡತಗಳನ್ನೆಲ್ಲ ವರ್ಷಗಳ ಹಿಂದೆಯೇ ಸುಟ್ಟಾಗಿದೆ ಎಂದರಂತೆ. ಅದನ್ನು ಫೋನಿನಲ್ಲಿ ಹೇಳಿದಾಗ ಶಶಿಪ್ರಭಾ, "ಸುಡುವಾಗ ನಾನಿರಬೇಕಿತ್ತು," ಎಂದಳು.

ಗುಹೆಯಿಂದ ಬಂದ ಆ ಸಂಜೆ ಏನು ಮಾಡಿದೆ ಎಂದು ಒಂದು ದಿನ ಅವಳನ್ನು ಕೇಳಿದೆ. ವ್ಯಾನನ್ನು ಪುಂಜಾಲಕಟ್ಟೆಯಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ವೇಣೂರಿಗೆ ಹೋದಳಂತೆ. ಧರ್ಣಪ್ಪ ಅಡುಗೆ ಮಾಡಿಟ್ಟಿದ್ದ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಣಮೀನಿನ ಚಟ್ನಿ. ಅವಳು ಎಲ್ಲವನ್ನೂ ಹೇಳಿದಳು. ಅವನು ಬಾಯಿ ತೆರೆದುಕೊಂಡು ಕೇಳಿದ. ಕೊನೆಗೆ, "ಈಗಾದರೂ ಸಮಾಧಾನ ಆಯಿತಾ?" ಎಂದ.

"ಗೊತ್ತಿಲ್ಲ. ಹಸಿವು ಜೋರು ಉಂಟು," ಎಂದು ಅವಳು ಬಟ್ಟಲು ಮುಂದಕ್ಕೆ ನೂಕಿದಳು. ಮೂರು ಸಲ ಬಡಿಸಿಕೊಂಡು ಉಂಡಳಂತೆ.